ಕೆಂಪು ಶಾಯಿಯ ಧರ್ಮ

ಉಪಾಧ್ಯಾಯನ ಮೇಜಿನ ಮೇಲೆ ಎರಡು ವಸ್ತುಗಳು ತಪ್ಪದೆ ಇರುತ್ತವೆ. ಒಂದು ಸೀಮೆಸುಣ್ಣ, ಇನ್ನೊಂದು ಕೆಂಪು ಶಾಯಿಯ ಲೇಖನಿ. ಸೀಮೆಸುಣ್ಣದಿಂದ ಬರೆದುದು ಮುಂದಿನ ಗಂಟೆಯೊಳಗೆ ಅಳಿಸಿಹೋಗುತ್ತದೆ. ಕೆಂಪು ಶಾಯಿಯಿಂದ ಬರೆದುದು ಮಗುವಿನ ಪುಸ್ತಕದಲ್ಲಿ ಉಳಿಯುತ್ತದೆ; ಪುಸ್ತಕ ಹರಿದುಹೋದ ಬಳಿಕವೂ ಕೆಲವೊಮ್ಮೆ ಮನಸ್ಸಿನಲ್ಲಿ ಉಳಿಯುತ್ತದೆ. ಈ ಲೇಖನಿಯನ್ನು ಹಿಡಿಯುವ ಕ್ರಮವನ್ನು ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಅದನ್ನು ಎಲ್ಲಿ ಕೆಳಗಿಡಬೇಕೆಂಬುದನ್ನು ಒಬ್ಬ ಹುಡುಗ ಕಲಿಸಿದನು. ಅವನಿಂದ ನಮಗೆ ದೊರೆತ ಪಾಠವನ್ನು ವೃತ್ತಿಬಾಂಧವರ ಮುಂದೆಯೂ ಮಕ್ಕಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಊರು ಕಾಸರಗೋಡಿನ ಸೀಮೆಯದು. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಗಡಿ ಎಲ್ಲಿ ಸರಿದರೂ ಇಲ್ಲಿಯ ಕನ್ನಡ ಶಾಲೆಯ ಬೆಂಚುಗಳು ಹಿಂದಿನಂತೆಯೇ ಹಲವು ಭಾಷೆಗಳ ಮಕ್ಕಳನ್ನು ಹೊತ್ತುಕೊಂಡಿವೆ. ಒಂದೇ ಬೆಂಚಿನಲ್ಲಿ ತುಳು ಮನೆಮಾತಿನ ಮಗು, ಹವ್ಯಕ ಕನ್ನಡದ ಮಗು, ಕೊಂಕಣಿಯ ಮಗು, ಮರಾಠಿಯ ಮಗು ಕುಳಿತಿರುವುದುಂಟು. ರಸ್ತೆಗಿಳಿದರೆ ಎಲ್ಲರ ಕಿವಿಗೂ ಮಲಯಾಳ ಬೀಳುತ್ತದೆ. ಶಾಲೆಯ ಗ್ರಾಂಥಿಕ ಕನ್ನಡವು ಇವರಲ್ಲಿ ಬಹು ಮಂದಿಗೆ ಬಾಗಿಲ ಹೊರಗಿನ ಭಾಷೆ. ಅದನ್ನು ಅವರು ಪ್ರೀತಿಯಿಂದಲೇ ಕಲಿಯುತ್ತಾರೆ; ಆದರೆ ಕಲಿಯಬೇಕಾಗಿಯೇ ಇದೆ.

ಇಂತಹ ಶಾಲೆಯ ನಾಲ್ಕನೆಯ ತರಗತಿಯಲ್ಲಿ, ಶುಕ್ರವಾರದ ಕೊನೆಯ ಗಂಟೆಯನ್ನು ನಾವು ಮಕ್ಕಳ ಬರವಣಿಗೆಗೆಂದು ಮೀಸಲಿಟ್ಟಿದ್ದೆವು. ವಾರದ ಮೊದಲಲ್ಲಿ ಒಂದು ವಿಷಯವನ್ನು ಕೊಡುವುದು. ಮಕ್ಕಳು ಮನೆಯಲ್ಲಿ ಬರೆದು ತರುವುದು. ನಾವು ತಿದ್ದಿ ಕೊಡುವುದು. ಶುಕ್ರವಾರ ಒಬ್ಬೊಬ್ಬರಾಗಿ ಎದ್ದುನಿಂತು ಓದುವುದು. ಒಬ್ಬನ ಅನುಭವ ಇಪ್ಪತ್ತು ಮಂದಿಗೆ ಹಂಚಿಹೋಗಲಿ ಎಂಬುದು ನಮ್ಮ ಆಶಯ. ಆಷಾಢದ ದಿನಗಳಾದುದರಿಂದ ಆ ವಾರದ ವಿಷಯ ‘ಮಳೆಗಾಲ’ ಎಂದು ಗೊತ್ತುಮಾಡಿದೆವು.

ಹಿಂದಿನ ಬೆಂಚಿನ ಹುಡುಗನೊಬ್ಬ ನಾಲ್ಕೇ ವಾಕ್ಯಗಳನ್ನು ಬರೆದಿದ್ದನು: “ಮಳೆ ಬಿಟ್ಟರೆ ಅಮ್ಮೆ ಕಂಗು ಹತ್ತುತ್ತಾರೆ. ಮದ್ದು ಬಿಡುತ್ತಾರೆ. ಮಳೆ ಬಂದರೆ ಅಮ್ಮೆ ಮನೆಯಲ್ಲಿ. ನನಗೆ ಮಳೆ ಬರಬೇಕು.”

ಅಡಿಕೆಯ ನಾಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗಲುತ್ತದೆ. ಅದನ್ನು ತಡೆಯಲು ಮೈಲುತುತ್ತು ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು. ಮಳೆ ಸುರಿಯುವಾಗ ಸಿಂಪಡಿಸಿದರೆ ಮದ್ದು ತೊಳೆದುಹೋಗುತ್ತದೆ. ಆದುದರಿಂದ ಮಳೆ ಬಿಟ್ಟ ಹೊತ್ತನ್ನು ನೋಡಿ, ನೆನೆದು ಜಾರುವ 40-50 ಅಡಿಯ ಮರವನ್ನು ಮನುಷ್ಯನೊಬ್ಬ ಹತ್ತಬೇಕಾಗುತ್ತದೆ. ಆ ಹುಡುಗನ ತಂದೆ ಅಂತಹ ಮನುಷ್ಯ.

ತುಳುವಿನಲ್ಲಿ ‘ಅಮ್ಮೆ’ ಎಂದರೆ ತಂದೆ. ‘ಅಪ್ಪೆ’ ಎಂದರೆ ತಾಯಿ. ಇದು ನಮಗೆ ತಿಳಿಯದ ಸಂಗತಿಯಲ್ಲ. ಚಿಕ್ಕಂದಿನಿಂದಲೂ ತುಳುವನ್ನು ಕೇಳಿಯೇ ಬೆಳೆದವರು ನಾವು. ಆದರೆ ರಾತ್ರಿ ದೀಪದ ಮುಂದೆ 26 ಪುಸ್ತಕಗಳನ್ನಿಟ್ಟುಕೊಂಡು ಕುಳಿತಾಗ ಕಣ್ಣಿಗೆ ತಪ್ಪುಗಳು ಮಾತ್ರ ಕಾಣುತ್ತಿದ್ದುವು. ‘ಅಮ್ಮೆ’ ಎಂಬಲ್ಲಿ ಎತ್ವ ಹೆಚ್ಚಾಗಿದೆಯೆಂದು ತಿಳಿದು ಅದನ್ನು ಹೊಡೆದು ‘ಅಮ್ಮ’ ಎಂದು ತಿದ್ದಿದೆವು. ‘ಕಂಗು’ ಎಂಬುದನ್ನು ‘ಅಡಿಕೆಮರ’ ಮಾಡಿದೆವು. ‘ನನಗೆ ಮಳೆ ಬರಬೇಕು’ ಎಂಬುದು ಸರಿಯಾದ ವಾಕ್ಯರಚನೆಯಲ್ಲವೆಂದು ಅದರ ಮೇಲೆ ಗೆರೆ ಎಳೆದು, ‘ಮಳೆಯಿಂದ ರೈತರಿಗೆ ಸಂತೋಷವಾಗುತ್ತದೆ’ ಎಂದು ಕೆಳಗೆ ಬರೆದೆವು. ಹತ್ತರಲ್ಲಿ ನಾಲ್ಕು ಅಂಕ ಕೊಟ್ಟು ಮುಂದಿನ ಪುಸ್ತಕವನ್ನು ತೆರೆದೆವು.

ಶುಕ್ರವಾರ ಹುಡುಗ ಎದ್ದುನಿಂತು, ತಿದ್ದಿದ್ದನ್ನು ತಿದ್ದಿದಂತೆಯೇ ಓದಿದನು: “ಮಳೆ ಬಿಟ್ಟರೆ ಅಮ್ಮ ಅಡಿಕೆಮರ ಹತ್ತುತ್ತಾರೆ.” ತರಗತಿಯೆಲ್ಲ ನಕ್ಕಿತು. ಪಕ್ಕದ ಹುಡುಗಿ ಎದ್ದು, “ಅಲ್ಲ ಮಾಷ್ಟ್ರೇ, ಇವನ ಅಮ್ಮ ಬೀಡಿ ಕಟ್ಟುವುದು, ಮರ ಹತ್ತುವುದು ಅಪ್ಪ” ಎಂದಳು. ನಾವು ಹುಡುಗನನ್ನು ಕೇಳಿದೆವು: “ಹಾಗಾದರೆ ನೀನು ಅಮ್ಮ ಎಂದು ಯಾಕೆ ಓದಿದೆ?”

“ನೀವು ಹಾಗೆ ಬರೆದಿದ್ದೀರಲ್ಲ, ಮಾಷ್ಟ್ರೇ” ಎಂದನು.

ಅವನ ದನಿಯಲ್ಲಿ ದೂರು ಇರಲಿಲ್ಲ. ಅದೇ ನಮ್ಮನ್ನು ಹೆಚ್ಚಾಗಿ ನೋಯಿಸಿತು. ತನ್ನ ಮನೆಯಲ್ಲಿ ಮರ ಹತ್ತುವವರು ಯಾರೆಂದು ಆ ಮಗುವಿಗಿಂತ ಚೆನ್ನಾಗಿ ತಿಳಿದವರು ಆ ಕೊಠಡಿಯಲ್ಲಿ ಯಾರೂ ಇರಲಿಲ್ಲ. ಆದರೂ ತನ್ನ ಕಣ್ಣು ಕಂಡುದನ್ನು ಬದಿಗಿಟ್ಟು ನಮ್ಮ ಕೆಂಪು ಅಕ್ಷರವನ್ನು ಅವನು ನಂಬಿದನು. ನಂಬಲು ಮನಸ್ಸಿಲ್ಲದಿದ್ದರೂ ಅದನ್ನೇ ಓದಬೇಕೆಂದು ತಿಳಿದನು. ಮುಂದಿನ ವಾರದ ವಿಷಯ ‘ಹಸು’. ‘ಹಸು ಸಾಧುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ, ಅದು ನಮಗೆ ಹಾಲು ಕೊಡುತ್ತದೆ’ ಎಂದು ಒಂದೂ ತಪ್ಪಿಲ್ಲದೆ ಬರೆದು ತಂದನು. ಅವನ ಮನೆಯಲ್ಲಿ ಹಸುವೇ ಇರಲಿಲ್ಲ. ನಾವು ಹತ್ತರಲ್ಲಿ ಒಂಬತ್ತು ಅಂಕ ಕೊಟ್ಟೆವು. ಕೊಟ್ಟ ಮೇಲೆ ಬಹಳ ಹೊತ್ತು ಆ ಪುಟವನ್ನು ನೋಡುತ್ತ ಕುಳಿತೆವು. ನಿಜವನ್ನು ಬರೆದುದಕ್ಕೆ ನಾಲ್ಕು, ಬರಿದೆ ಒಪ್ಪಿಸಿದುದಕ್ಕೆ ಒಂಬತ್ತು. ಈ ಲೆಕ್ಕವನ್ನು ಮಗು ನಮಗಿಂತ ಬೇಗನೆ ತಿಳಿದುಕೊಂಡಿತ್ತು.

ಹಾಗಾದರೆ ತಿದ್ದುವುದೇ ತಪ್ಪೇ? ಈ ಪ್ರಶ್ನೆಗೆ ಹೌದೆಂದು ಉತ್ತರಿಸುವುದು ಸುಲಭ. ಅದು ಉಪಾಧ್ಯಾಯನ ಶ್ರಮವನ್ನೂ ಕಡಿಮೆಮಾಡುತ್ತದೆ. ಆದರೆ ಅದು ಧರ್ಮವಲ್ಲ. ನಮ್ಮ ಮಕ್ಕಳಿಗೆ ಶಿಷ್ಟ ಕನ್ನಡ ಬೇಕು. ಅದಿಲ್ಲದೆ ಅವರು ಮುಂದಿನ ತರಗತಿಯ ಪುಸ್ತಕವನ್ನು ಓದಲಾರರು. ದೂರದ ಊರಿನ ಕನ್ನಡಿಗನಿಗೆ ಒಂದು ಕಾಗದವನ್ನು ಬರೆಯಲಾರರು. ಮೇಲಾಗಿ ಗಡಿಯಾಚೆಯ ಶಾಲೆಯ ಕನ್ನಡ ಸಡಿಲವಾಗಿದೆಯೆಂಬ ಮಾತನ್ನು ಕೇಳಲು ನಮ್ಮಲ್ಲಿ ಯಾರೂ ಸಿದ್ಧರಿಲ್ಲ. ಹಿರಿಯ ಸಹೋದ್ಯೋಗಿಗಳೊಬ್ಬರು ನಮ್ಮ ಚಿಂತೆಯನ್ನು ಕೇಳಿ, “ಮಗುವಿಗೆ ನೋವಾಗುತ್ತದೆಂದು ತಪ್ಪನ್ನು ಬಿಟ್ಟರೆ, ನಾಳೆ ಲೋಕ ಅದನ್ನು ಹೆಚ್ಚು ನೋಯಿಸಿ ತಿದ್ದುತ್ತದೆ” ಎಂದರು. ಈ ಮಾತನ್ನು ನಾವು ತಳ್ಳಿಹಾಕಲಾರೆವು.

ಆದರೆ ನಾವು ಮಾಡಿದುದನ್ನು ಬಿಡಿಸಿ ನೋಡಿದಾಗ ಅಲ್ಲಿ ಮೂರು ಬೇರೆ ಬೇರೆ ಕೆಲಸಗಳಿದ್ದುವು. ‘ಕಂಗು’ ಎಂಬುದರ ಪಕ್ಕದಲ್ಲಿ ‘ಅಡಿಕೆಮರ’ ಎಂದು ಬರೆದಿದ್ದರೆ ಅದು ಕಲಿಸುವುದಾಗುತ್ತಿತ್ತು. ಮಗುವಿಗೆ ಒಂದು ಶಬ್ದ ಹೆಚ್ಚಾಗುತ್ತಿತ್ತು. ಹೊಡೆದುಹಾಕಿದುದರಿಂದ ಇದ್ದುದೊಂದು ಕಡಿಮೆಯಾಯಿತು. ‘ಅಮ್ಮೆ’ಯನ್ನು ‘ಅಮ್ಮ’ ಮಾಡಿದುದು ಅಜಾಗರೂಕತೆ. ಕೇಳದೆ ತಿದ್ದಿದುದರ ಫಲ. ಮೂರನೆಯದು ಇವೆರಡಕ್ಕಿಂತ ದೊಡ್ಡದು. ‘ನನಗೆ ಮಳೆ ಬರಬೇಕು’ ಎಂಬ ಮಗುವಿನ ಮಾತನ್ನು ತೆಗೆದು, ರೈತರ ಸಂತೋಷದ ಮಾತನ್ನು ಅದರ ಬಾಯಲ್ಲಿ ಇಟ್ಟೆವು. ತಂದೆ ನೆಲದ ಮೇಲೆಯೇ ಇರಲಿ ಎಂಬುದು ಆ ವಾಕ್ಯದ ಅರ್ಥ. ಅದರಲ್ಲಿ ವ್ಯಾಕರಣದ ದೋಷವೂ ಇರಲಿಲ್ಲ. ನಮಗೆ ಅರ್ಥವಾಗದುದೊಂದೇ ಅದರ ದೋಷ. ಅಕ್ಷರವನ್ನು ತಿದ್ದುವ ಅಧಿಕಾರ ನಮ್ಮದು. ಅನುಭವವನ್ನು ಬದಲಿಸುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ. ಮೊದಲನೆಯದನ್ನು ಮಾಡುತ್ತಿದ್ದೇವೆಂದು ನಂಬಿಕೊಂಡು ಎರಡನೆಯದನ್ನು ಮಾಡಿಬಿಡುವ ಅಪಾಯ ನಮ್ಮ ವೃತ್ತಿಯಲ್ಲಿ ದಿನನಿತ್ಯವೂ ಇದೆ.

ಇದನ್ನು ಮೊದಲು ಕಂಡವರು ನಾವೇನೂ ಅಲ್ಲ. ರಷ್ಯದ ಮಹಾಲೇಖಕ ಟಾಲ್‌ಸ್ಟಾಯ್ ಯಾಸ್ನಾಯ ಪೊಲ್ಯಾನ ಎಂಬ ತನ್ನ ಹಳ್ಳಿಯಲ್ಲಿ ರೈತಮಕ್ಕಳಿಗಾಗಿ ಶಾಲೆ ನಡೆಸಿದನು. ಬರೆಯುವುದನ್ನು ಯಾರು ಯಾರಿಂದ ಕಲಿಯಬೇಕು, ರೈತಮಕ್ಕಳು ನಮ್ಮಿಂದಲೋ, ನಾವು ರೈತಮಕ್ಕಳಿಂದಲೋ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿರಿಸಿ 1862ರಲ್ಲಿ ಅವನು ಪ್ರಬಂಧವೊಂದನ್ನು ಬರೆದನು. ಫ್ರಾನ್ಸಿನ ಹಳ್ಳಿಯ ಉಪಾಧ್ಯಾಯ ಫ್ರೆನೆ 1920ರ ದಶಕದಲ್ಲಿ ತನ್ನ ತರಗತಿಗೆ ಸಣ್ಣದೊಂದು ಮುದ್ರಣಯಂತ್ರವನ್ನು ತಂದನು. ಮಕ್ಕಳು ತಮ್ಮ ಬರಹಗಳ ಅಚ್ಚುಮೊಳೆಗಳನ್ನು ತಾವೇ ಜೋಡಿಸಿ ಮುದ್ರಿಸಿ ಬೇರೆ ಶಾಲೆಗಳಿಗೆ ಕಳುಹಿಸುತ್ತಿದ್ದರು. ಅಲ್ಲಿಯೂ ತಿದ್ದುವ ಕೆಲಸವಿತ್ತು. ದೂರದ ಮಗು ಓದಿ ತಿಳಿಯಬೇಕಾದುದರಿಂದ ಬರಹ ತಪ್ಪಿಲ್ಲದೆ ಇರಬೇಕಾಗಿತ್ತು. ಆ ತಿದ್ದುಪಡಿ ಎಲ್ಲರ ಎದುರು, ಬರೆದ ಮಗುವಿನೊಡನೆ ನಡೆಯುತ್ತಿತ್ತು. ತಿದ್ದುಪಡಿಗೊಂದು ಕಾರಣವಿದೆಯೆಂದು ಮಗುವಿಗೆ ಕಾಣಿಸಿದರೆ ಅದು ಶಿಕ್ಷೆಯಾಗಿ ತೋರುವುದಿಲ್ಲ.

ನಮ್ಮ ದೇಶದ ಕಾನೂನು ಕೂಡ ಇದೇ ಕಡೆಗೆ ಬೊಟ್ಟುಮಾಡುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಮಗು ಭಯ, ಆತಂಕಗಳಿಲ್ಲದೆ ತನ್ನ ಅಭಿಪ್ರಾಯವನ್ನು ಸ್ವತಂತ್ರವಾಗಿ ಹೇಳುವಂತೆ ನೆರವಾಗಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿದೆ. ನಮ್ಮ ಭಾಷೆಗೆ ಮನ್ನಣೆ ಬೇಕೆಂದು ಕೇಳುವ ನಾವು, ನಮ್ಮ ಬೆಂಚಿನ ಮೇಲಿರುವ ಇನ್ನೂ ಚಿಕ್ಕ ಮಾತುಗಳಿಗೆ ಎಷ್ಟು ಮನ್ನಣೆ ಕೊಡುತ್ತೇವೆ? ನಮಗೆ ಒಂದು ನ್ಯಾಯ, ಮಗುವಿಗೆ ಇನ್ನೊಂದು ನ್ಯಾಯ ಆಗಕೂಡದು.

ಆ ಬಳಿಕ ನಮ್ಮ ಶುಕ್ರವಾರದ ಕ್ರಮವನ್ನು ಬದಲಾಯಿಸಿಕೊಂಡೆವು. ಮಗು ತಾನು ಬರೆದುದನ್ನು ಮೊದಲು ತಾನೇ ಓದುತ್ತದೆ. ಕೇಳಿದ ಬಳಿಕವೇ ನಾವು ಲೇಖನಿಯನ್ನು ತೆಗೆದುಕೊಳ್ಳುತ್ತೇವೆ. ಅರ್ಥವಾಗದ ಶಬ್ದವಿದ್ದರೆ ಗೆರೆ ಎಳೆಯುವ ಮೊದಲು ‘ಇದೇನು?’ ಎಂದು ಕೇಳುತ್ತೇವೆ. ಮನೆಮಾತಿನ ಶಬ್ದಗಳಿಗೆ ಕರಿಹಲಗೆಯಲ್ಲಿ ಒಂದು ಮೂಲೆಯಿದೆ. ಅಲ್ಲಿ ತುಳುವಿನ ‘ಬರ್ಸ’, ಮಲಯಾಳದ ‘ಮಳ’, ಕೊಂಕಣಿಯ ‘ಪಾವ್ಸು’ ಕನ್ನಡದ ‘ಮಳೆ’ಯ ಜೊತೆಗೆ ನಿಂತವು. ಇದರಿಂದ ಕನ್ನಡ ಸೊರಗಲಿಲ್ಲ. ಹೇಳಬೇಕಾದುದು ಬಹಳವಾಗಿದ್ದಾಗ, ಅದನ್ನು ಎಲ್ಲರಿಗೂ ತಿಳಿಸಲು ಕನ್ನಡದ ಶಬ್ದವನ್ನು ಮಕ್ಕಳು ತಾವಾಗಿಯೇ ಕೇಳತೊಡಗಿದರು.

ಇನ್ನೊಂದು ನಿಯಮವನ್ನು ಮಕ್ಕಳೇ ಮಾಡಿದರು. ಹುಡುಗಿಯೊಬ್ಬಳು ತನ್ನ ಪುಸ್ತಕದ ಒಂದು ಹಾಳೆಯನ್ನು ಮಡಿಸಿ ತಂದು, “ಇದು ನಿಮಗೆ ಮಾತ್ರ, ಓದಿಸಬೇಡಿ” ಎಂದಳು. ಅದರಲ್ಲಿದ್ದುದನ್ನು ನಾವು ಇಲ್ಲಿಯೂ ಹೇಳುವುದಿಲ್ಲ. ಹಂಚಿಕೊಳ್ಳುವುದು ಒಳ್ಳೆಯದೆಂದು ಹೊರಟಿದ್ದ ನಮಗೆ, ಹಂಚದಿರುವ ಹಕ್ಕೂ ಮಗುವಿಗಿದೆಯೆಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಈಗ ಮಡಿಸಿದ ಹಾಳೆಯನ್ನು ಯಾರೂ ತರಗತಿಯಲ್ಲಿ ಓದುವುದಿಲ್ಲ. ಅದಕ್ಕೆ ಅಂಕವೂ ಇಲ್ಲ.

ತೋಟದಲ್ಲಿ ಒಳ್ಳೆಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಕಟ್ಟದಿದ್ದರೆ ಬಳ್ಳಿ ನೆಲದಲ್ಲಿ ಹರಿದು ಕಾಲಡಿಗೆ ಬೀಳುತ್ತದೆ. ಬಿಗಿದು ಕಟ್ಟಿದರೆ ಕಟ್ಟಿದಲ್ಲೇ ಕೊಯ್ದುಹೋಗುತ್ತದೆ. ತಿಳಿದವನ ಕಟ್ಟಿನಲ್ಲಿ ಬಳ್ಳಿ ದಪ್ಪವಾಗಲು ಎಡೆಯಿರುತ್ತದೆ. ಕೆಂಪು ಶಾಯಿಯ ಧರ್ಮವೂ ಇಷ್ಟೇ ಎಂದು ನಮಗೆ ತೋರುತ್ತದೆ.

ಆ ಹುಡುಗನು ಮತ್ತೆ ಬರೆಯಲು ಎರಡು ತಿಂಗಳು ಹಿಡಿಯಿತು. ಮಳೆಗಾಲ ಮುಗಿಯುತ್ತ ಬಂದಾಗ ಒಂದು ದಿನ ಪುಸ್ತಕ ತಂದಿಟ್ಟನು. “ಮದ್ದು ಬಿಡುವುದು ಮುಗಿಯಿತು. ಅಪ್ಪನ ಅಂಗಿ ನೀಲಿ. ತೊಳೆದರೂ ನೀಲಿ” ಎಂದು ಬರೆದಿದ್ದನು. ‘ಅಪ್ಪ’ ಎಂಬ ಶಬ್ದವನ್ನು ಅವನೇ ಆರಿಸಿಕೊಂಡಿದ್ದನು. ನಾವು ಲೇಖನಿಯ ಮುಚ್ಚಳವನ್ನು ತೆಗೆಯಲಿಲ್ಲ.

ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮ ಪುಸ್ತಕದಲ್ಲಿ ಕೆಂಪು ಗೆರೆ ಕಂಡಾಗ ಅಕ್ಷರ ತಪ್ಪಾಗಿದ್ದರೆ ಸಂತೋಷದಿಂದ ತಿದ್ದಿಕೊಳ್ಳಿರಿ. ಆದರೆ ನೀವು ಕಂಡುದೇ ತಪ್ಪೆಂದು ಗೆರೆ ಹೇಳಿದರೆ, ಎದ್ದುನಿಂತು “ಅಲ್ಲ ಮಾಷ್ಟ್ರೇ” ಎನ್ನಿರಿ. ಹಾಗೆ ಹೇಳಿದ ಮಗುವನ್ನು ಕುಳ್ಳಿರಿಸದೆ ಕೇಳುವ ತಾಳ್ಮೆ ನಮ್ಮ ವೃತ್ತಿಬಾಂಧವರೆಲ್ಲರಿಗೂ ಇರಲಿ. ಮೊದಲು ನಮಗೆ ಇರಲಿ.