‘ಶೂನ್ಯ’ವೆಂಬ ಮಾತು ಮತ್ತು ಸತ್ಯಾಣುವ್ರತ

ಮನುಷ್ಯನು ಒಂದು ವಸ್ತುವಿಗೆ ಹೆಸರಿಡುವಾಗಲೇ ಅದರ ಬಗ್ಗೆ ಅರ್ಧ ತೀರ್ಪನ್ನು ಕೊಟ್ಟಿರುತ್ತಾನೆ. ‘ಕಳೆ’ ಎಂದು ಕರೆದ ಗಿಡವನ್ನು ಕೀಳಲು ಕೈ ಹಿಂಜರಿಯುವುದಿಲ್ಲ. ಅದನ್ನೇ ‘ಮದ್ದಿನ ಗಿಡ’ ಎಂದು ಕರೆದರೆ ನೀರೆರೆದು ಕಾಪಾಡುತ್ತಾನೆ. ಆದುದರಿಂದ ನುಡಿಯ ಶುದ್ಧಿಯನ್ನು ನಡತೆಯ ಶುದ್ಧಿಯಿಂದ ಬೇರ್ಪಡಿಸಿ ನೋಡಲಾಗದು.

ಸಂಚಾರ ಮತ್ತು ಪರಿಸರಗಳ ವಿಷಯದಲ್ಲಿ ಇಂದು ಇಂಗ್ಲಿಷಿನಿಂದ ಹೊಸ ಪದಗಳ ಒಂದು ಸಮೂಹವೇ ಬಂದಿದೆ. ಝೀರೋ ಎಮಿಷನ್, ಗ್ರೀನ್ ಫ್ಯೂಯೆಲ್, ಸಸ್ಟೈನಬಲ್ ಎಂಬಿವು ಕನ್ನಡದಲ್ಲಿ ಶೂನ್ಯ ಹೊರಸೂಸುವಿಕೆ, ಹಸಿರು ಇಂಧನ, ಸುಸ್ಥಿರ ಎಂದಾಗಿ ಮಕ್ಕಳ ಬಾಯಲ್ಲೂ ನಲಿಯುತ್ತಿವೆ. ಇವುಗಳ ಹಿಂದಿನ ಆಶಯ ಒಳ್ಳೆಯದೇ. ಬ್ರುಂಟ್‌ಲೆಂಡ್ ಆಯೋಗವು 1987ರಲ್ಲಿ ಸುಸ್ಥಿರ ಅಭಿವೃದ್ಧಿಯನ್ನು ವಿವರಿಸಿದಾಗ ಮುಂದಿನ ಪೀಳಿಗೆಯ ಪಾಲನ್ನು ಇಂದಿನವರು ಕಸಿಯಬಾರದೆಂಬ ವಿವೇಕವೇ ಅದರಲ್ಲಿತ್ತು. ಆದರೆ ಇಂತಹ ಪದಗಳು ಪೂರ್ಣಸತ್ಯವನ್ನು ನುಡಿಯುತ್ತವೆಯೇ? ಈ ಪ್ರಶ್ನೆಯನ್ನು ಮಂಡ್ಯ ಜಿಲ್ಲೆಯ ನೆಲದ ಮೇಲೆಯೇ ನಿಂತು ವಿಚಾರಿಸಬಹುದು.

ವಿದ್ಯುತ್ ವಾಹನಕ್ಕೆ ‘ಶೂನ್ಯ ಹೊರಸೂಸುವಿಕೆ’ಯ ವಾಹನವೆಂಬ ಬಿರುದಿದೆ. ಅದರಲ್ಲಿ ಹೊಗೆಕೊಳವೆಯೇ ಇಲ್ಲ. ಅಷ್ಟರ ಮಟ್ಟಿಗೆ ಮಾತು ನಿಜ. ಆದರೆ ಅದರ ಬ್ಯಾಟರಿಗೆ ಲಿಥಿಯಂ ಬೇಕು. ಶ್ರೀರಂಗಪಟ್ಟಣದ ಸಮೀಪದ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಪ್ರಾಥಮಿಕ ಸಮೀಕ್ಷೆಯಿಂದ ಅಂದಾಜಿಸಲಾಗಿದೆಯೆಂದು 2021ರಲ್ಲಿ ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿತು. ಶಿಲೆಯಿಂದ ಲಿಥಿಯಂ ಪಡೆಯಬೇಕಾದರೆ ನೆಲವನ್ನು ಅಗೆಯಬೇಕು, ಕಲ್ಲನ್ನು ಪುಡಿಮಾಡಬೇಕು, ಸುಮಾರು ಸಾವಿರ ಡಿಗ್ರಿ ಉಷ್ಣದಲ್ಲಿ ಹುರಿದು ಗಂಧಕಾಮ್ಲದಲ್ಲಿ ಬೇಯಿಸಬೇಕು. ಅಲ್ಲಿ ಗಣಿ ತೆರೆದರೆ ನಗರದ ಬೀದಿಯಲ್ಲಿ ಕಾಣದ ಧೂಳು ಹಳ್ಳಿಯ ಹೊಲದ ಮೇಲೆ ಬಿದ್ದೀತು. ಬ್ಯಾಟರಿಗೆ ತುಂಬುವ ವಿದ್ಯುತ್ತಿನಲ್ಲೂ ಒಂದು ಪಾಲು ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲನ್ನು ಸುಟ್ಟು ಬಂದದ್ದು. ಹಿಂಸೆಯು ಕಡಿಮೆಯಾಗಿರಬಹುದು, ಸ್ಥಳವನ್ನೂ ಬದಲಿಸಿರಬಹುದು, ಶೂನ್ಯವಂತೂ ಆಗಿಲ್ಲ.

‘ಹಸಿರು ಇಂಧನ’ದ ಕಥೆಯೂ ಹೀಗೆಯೇ. ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ತಲುಪಿತು. ಸಕ್ಕರೆಯ ಮೂಲದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. ಪಾಂಡವಪುರದ ನಾಲೆಯ ಬಯಲಿನಲ್ಲಿ ಕಬ್ಬು ಬೆಳೆಯುವ ರೈತನಿಗೆ ಇದರಿಂದ ನಾಲ್ಕು ಕಾಸು ದೊರೆತರೆ ಅದು ನ್ಯಾಯವೇ. ಆದರೆ ಮಳೆಯನ್ನೇ ನಂಬಿ ರಾಗಿ ಬಿತ್ತುವ ನಾಗಮಂಗಲದ ರೈತನು ‘ಹಸಿರು’ ಎಂಬ ಈ ಪದವನ್ನು ಕೇಳಿ ಏನೆಂದುಕೊಂಡಾನು? ನೀರಿನ ಲೆಕ್ಕವನ್ನು ಮುಚ್ಚಿಟ್ಟ ಹಸಿರು ಅರ್ಧ ಹಸಿರು ಮಾತ್ರ.

ಬೆಂಗಳೂರು–ಮೈಸೂರು ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಅಪಘಾತಗಳು ಹೆಚ್ಚಿದುದರಿಂದ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಪ್ರಾಣರಕ್ಷಣೆಗಾಗಿ ಕೈಗೊಂಡ ಕ್ರಮವನ್ನು ತಪ್ಪೆನ್ನಲಾಗದು. ಆದರೂ ‘ವೇಗದ ಸಂಚಾರ’ ಎಂದಾಗ ಯಾರ ವೇಗ, ಯಾರು ಪಕ್ಕದ ದಾರಿಗೆ ಸರಿದರು ಎಂಬುದು ಆ ಪದದಲ್ಲಿ ಕೇಳಿಸುವುದಿಲ್ಲ.

ಹಾಗಾದರೆ ಹೊಸ ವಾಹನಗಳನ್ನು ತ್ಯಜಿಸಬೇಕೆ? ಹಾಗೆ ವಾದಿಸುವುದು ಇನ್ನೊಂದು ಬಗೆಯ ಏಕಾಂತವಾದೀತು. ಗೃಹಸ್ಥನಿಗೆ ಪೂರ್ಣ ಅಹಿಂಸೆ ಅಸಾಧ್ಯವೆಂದು ತಿಳಿದೇ ಆಚಾರ್ಯರು ಅವನಿಗೆ ಅಣುವ್ರತಗಳನ್ನು ವಿಧಿಸಿದರು. ಹೆಚ್ಚು ಹಿಂಸೆಯಿಂದ ಕಡಿಮೆ ಹಿಂಸೆಯ ಕಡೆಗೆ ಸಾಗುವುದು ಅವನ ಧರ್ಮ. ಈ ದೃಷ್ಟಿಯಲ್ಲಿ ವಿದ್ಯುತ್ ವಾಹನವು ಸ್ವಾಗತಾರ್ಹ. ತ್ಯಜಿಸಬೇಕಾದದ್ದು ವಾಹನವನ್ನಲ್ಲ, ‘ಶೂನ್ಯ’ವೆಂಬ ಹಮ್ಮನ್ನು. ಸ್ಯಾದ್ವಾದವನ್ನು ಅರಿತವನು ಇಲ್ಲಿ ಒಂದು ‘ಸ್ಯಾತ್’ ಸೇರಿಸಿ ನುಡಿಯುತ್ತಾನೆ: ಒಂದು ಅಪೇಕ್ಷೆಯಿಂದ, ಬೀದಿಯ ಗಾಳಿಯ ಅಪೇಕ್ಷೆಯಿಂದ, ಇದು ನಿರ್ಮಲ, ಗಣಿಯ ನೆಲದ ಅಪೇಕ್ಷೆಯಿಂದ ಹಾಗಲ್ಲ. ಹೀಗೆ ನುಡಿಯುವವನು ಕೊಳ್ಳುವಾಗಲೂ ಎಚ್ಚರದಿಂದಿರುತ್ತಾನೆ. ‘ಶೂನ್ಯ’ವೆಂದು ನಂಬಿದವನಿಗೋ ಒಂದರ ಬದಲು ಎರಡು ವಾಹನಗಳನ್ನು ಕೊಳ್ಳಲು ಯಾವ ಅಳುಕೂ ಇರದು. ಶೂನ್ಯವನ್ನು ಎಷ್ಟರಿಂದ ಗುಣಿಸಿದರೂ ಶೂನ್ಯವೇ ಅಲ್ಲವೇ!

ಈ ಹೊಸ ಪದಕೋಶದಲ್ಲಿ ಮುಖ್ಯವಾಗಿ ಕಾಣದ ಪದವೊಂದಿದೆ: ಮಿತಿ. ಹೇಗೆ ಹೋಗಬೇಕೆಂದು ಹೇಳಲು ಅಲ್ಲಿ ನೂರು ಪದಗಳಿವೆ. ಹೋಗುವುದು ಅಗತ್ಯವೇ ಎಂದು ಕೇಳಲು ಪದವಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ದಿಗ್ವ್ರತವನ್ನು ಹೇಳುವಾಗ ನದಿ, ಕಾಡು, ಬೆಟ್ಟಗಳನ್ನು ಗೊತ್ತುಮಾಡಿಕೊಂಡು ಅವುಗಳಾಚೆಗೆ ಹೋಗದಿರುವ ನಿಯಮವನ್ನು ಶ್ರಾವಕನ ಮುಂದಿಡುತ್ತದೆ. ಅನರ್ಥದಂಡದ ವಿವರಣೆಯಲ್ಲಿ ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕದಡುವುದರ ಜೊತೆಗೆ, ಕಾರಣವಿಲ್ಲದೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಪ್ರಮಾದಚರ್ಯೆಯಲ್ಲಿ ಎಣಿಸುತ್ತದೆ. ಇಂಧನವು ಯಾವುದೇ ಇರಲಿ, ವ್ಯರ್ಥ ಸಂಚಾರವು ವ್ಯರ್ಥ ಸಂಚಾರವೇ.

ಈ ವಿಚಾರವು ಬಸದಿಯ ಅಂಗಳಕ್ಕೂ ಬರಬೇಕು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಗೋ ಶ್ರವಣಬೆಳಗೊಳಕ್ಕೋ ಯಾತ್ರೆ ಹೊರಡುವ ಹತ್ತು ಕುಟುಂಬಗಳು ಹತ್ತು ಕಾರುಗಳ ಬದಲು ಒಂದೇ ಬಸ್ಸಿನಲ್ಲಿ ಕುಳಿತರೆ ಪುಣ್ಯವೇನೂ ಕಡಿಮೆಯಾಗದು. 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ರೈಲುಮಾರ್ಗವು ಶ್ರವಣಬೆಳಗೊಳದ ಮೂಲಕವೇ ಸಾಗುತ್ತದೆ. ಅದೇ ದಾರಿಗಳಲ್ಲಿ ಇಂದಿಗೂ ಮುನಿಗಳು ನೆಲವನ್ನು ನೋಡುತ್ತ ಬರಿಗಾಲಿನಲ್ಲಿ ವಿಹರಿಸುತ್ತಾರೆ. ಅವರಂತೆ ನಡೆಯುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ತನ್ನ ಹೆಜ್ಜೆ ಯಾವುದರ ಮೇಲೆ ಬೀಳುತ್ತಿದೆಯೆಂದು ನೋಡುವುದು ಪ್ರತಿಯೊಬ್ಬ ಗೃಹಸ್ಥನಿಗೂ ಸಾಧ್ಯ. ಕಂಡದ್ದನ್ನು ಕಡಿಮೆಮಾಡದೆ ಹೇಳುವುದೂ ಸಾಧ್ಯ. ಮೊದಲನೆಯದು ಅಹಿಂಸೆಯ ಆರಂಭ, ಎರಡನೆಯದು ಸತ್ಯದ ಆರಂಭ.