ಉಳಿದ ತುಂಡುಗಳನ್ನು ಕೂಡಿಡುವುದು

ಹಾಸನದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಕೊರವಂಗಲದಲ್ಲಿ ಬೂಚೇಶ್ವರ ದೇವಾಲಯವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1173ರಲ್ಲಿ, ಅವನ ಅಧಿಕಾರಿಯಾಗಿದ್ದ ಬೂಚಿರಾಜನು ಕಟ್ಟಿಸಿದ ಗುಡಿಯಿದು. ಬೇಲೂರು, ಹಳೇಬೀಡುಗಳನ್ನು ನೋಡಲು ಬರುವ ಪ್ರವಾಸಿಗರ ದಂಡು ಇತ್ತ ತಿರುಗುವುದು ಅಪರೂಪ. ನನಗೆ ಪರಿಚಿತರಾದ ನಿವೃತ್ತ ಶಾಲಾ ಶಿಕ್ಷಕರೊಬ್ಬರು ಮಾತ್ರ ವರುಷಗಳಿಂದ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಅಲ್ಲಿಗೆ ಹೋಗುತ್ತಾ ಬಂದಿದ್ದಾರೆ. ಛಾಯಾಗ್ರಹಣ ಅವರ ವೃತ್ತಿಯಲ್ಲ, ಹವ್ಯಾಸ. ಅದರಿಂದ ಅವರು ಒಂದು ರೂಪಾಯಿಯನ್ನೂ ಗಳಿಸಿದವರಲ್ಲ.

ಮೊದಮೊದಲು ಅವರು ತೆಗೆದ ಚಿತ್ರಗಳಲ್ಲಿ ಆ ಗೋಡೆಯ ಶಿಲ್ಪಗಳೆಲ್ಲ ಸಪ್ಪೆಯಾಗಿ, ಕಾಗದದ ಮೇಲೆ ಅಂಟಿಸಿದಂತೆ ಕಾಣುತ್ತಿದ್ದವಂತೆ. ಅಂತರಜಾಲದಲ್ಲಿ ಹವ್ಯಾಸಿ ಛಾಯಾಗ್ರಾಹಕರು ಒಂದುಗೂಡುತ್ತಿದ್ದ ಒಂದು ವೇದಿಕೆಯಲ್ಲಿ ಅವರು ತಮ್ಮ ಚಿತ್ರವನ್ನಿಟ್ಟು, ತಪ್ಪೇನೆಂದು ಕೇಳಿದರು. ಯಾವುದೋ ದೂರದ ದೇಶದ ಅಪರಿಚಿತರೊಬ್ಬರು ಉತ್ತರ ಬರೆದರು: ಕ್ಯಾಮೆರಾದಲ್ಲಿ ದೋಷವಿಲ್ಲ, ನೀವು ಹೋಗುವ ಹೊತ್ತಿನಲ್ಲಿ ದೋಷವಿದೆ. ನಡುಹಗಲಿನ ಬೆಳಕಿನಲ್ಲಿ ಗೋಡೆಯ ಕೆತ್ತನೆ ತನ್ನ ಆಳವನ್ನು ತೋರಿಸದು. ಬಿಸಿಲು ಗೋಡೆಯನ್ನು ಸವರಿಕೊಂಡು ಓರೆಯಾಗಿ ಬೀಳುವ ಹೊತ್ತಿಗೆ ಕಾದು ನಿಂತರೆ, ಪ್ರತಿಯೊಂದು ಉಬ್ಬಿಗೂ ಅದರದೇ ನೆರಳು ಜೊತೆಯಾಗಿ ಕಲ್ಲಿಗೆ ಜೀವ ಬರುತ್ತದೆ. ಮೇಷ್ಟ್ರು ಹಾಗೆಯೇ ಮಾಡಿದರು. ಆ ಚಿತ್ರ ಈಗಲೂ ಅವರ ಮನೆಯ ಗೋಡೆಯ ಮೇಲಿದೆ.

ಕೆಲವು ವರುಷಗಳ ಹಿಂದೆ ಆ ವೇದಿಕೆ ಮುಚ್ಚಿಹೋಯಿತು. ಅವರು ನನ್ನ ಬಳಿ ಬಂದು ಅದನ್ನು ಹೇಳಿದ ರೀತಿ, ಮನೆಯಲ್ಲಿ ಸಾವಾದವರು ಹೇಳುವಂತಿತ್ತು. “ಹತ್ತು ವರ್ಷ ಮಾತಾಡಿದ ಜಾಗ, ಫಾದರ್. ಒಂದು ಬೆಳಗ್ಗೆ ನೋಡಿದರೆ ಇಲ್ಲ” ಎಂದರು. “ಒಂದು ಹವ್ಯಾಸಕ್ಕಾಗಿ ಇಷ್ಟು ದುಃಖವೇ ಮೇಷ್ಟ್ರೇ?” ಎಂದು ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆ ನಗುವಿಗಾಗಿ ಆಮೇಲೆ ನಾನು ನಾಚಿದೆ. ಈ ಬರಹ ಆ ನಾಚಿಕೆಯಿಂದಲೇ ಹುಟ್ಟಿದ್ದು.

ಮೇಷ್ಟ್ರು ಕಳೆದುಕೊಂಡದ್ದು ಏನನ್ನು? ಕ್ಯಾಮೆರಾ ಅವರ ಬಳಿಯೇ ಇದೆ. ಗುಡಿಯೂ ಅಲ್ಲೇ ಇದೆ, ಸೂರ್ಯನೂ ದಿನವೂ ಹುಟ್ಟುತ್ತಾನೆ. ಹಾಗಾದರೆ ಹೋದದ್ದು ಯಾವುದು?

ಹವ್ಯಾಸಿ ಛಾಯಾಗ್ರಾಹಕರ ಸಹವಾಸವು ಅಂತರಜಾಲದೊಂದಿಗೆ ಹುಟ್ಟಿದ್ದಲ್ಲ. 36 ಚಿತ್ರಗಳ ಒಂದು ಫಿಲಂ ರೋಲು ತುಟ್ಟಿಯಾಗಿದ್ದ ಕಾಲದಲ್ಲಿ, ಒಂದು ಚಿತ್ರ ಕೆಟ್ಟರೆ ಹಣವೂ ಹೋಯಿತು, ಸಮಯವೂ ಹೋಯಿತು. ಆದ್ದರಿಂದ ತಿಳಿದವರ ಬಳಿ ಕೇಳಿ ಕಲಿಯುವುದು ಅನಿವಾರ್ಯವಾಗಿತ್ತು. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಘಗಳು ಇಂತಹ ಕಲಿಕೆಗೆ ಮನೆಯಾದವು. ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರು ಪಡೆದು 2017ರಲ್ಲಿ ತೀರಿಕೊಂಡ ಟಿ.ಎನ್.ಎ. ಪೆರುಮಾಳ್ ಅವರು ಓ.ಸಿ. ಎಡ್ವರ್ಡ್ಸ್ ಎಂಬ ಹಿರಿಯರಿಂದ ಕಲಿತವರು. ತಾವು ಕಲಿತದ್ದನ್ನು ಕಿರಿಯರ ಒಂದು ಪೀಳಿಗೆಗೇ ಹಂಚಿದವರು. ಅಂತರಜಾಲ ಬಂದಾಗ ಈ ಹಳೆಯ ಪದ್ಧತಿಗೇ ವಿಶಾಲವಾದ ಅಂಗಳ ದೊರೆಯಿತು. ಬೆಂಗಳೂರಿಗೆ ಹೋಗಲಾಗದ ಹಳ್ಳಿಯ ಮೇಷ್ಟ್ರಿಗೂ ಗುರುಗಳು ಸಿಕ್ಕರು.

ಆ ಅಂಗಳ ಏಕೆ ಬರಿದಾಯಿತು? ಕಾರಣಗಳು ಗುಟ್ಟಿನವೇನಲ್ಲ. ಮೊಬೈಲ್ ಫೋನು ಕ್ಯಾಮೆರಾವನ್ನು ನುಂಗಿತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋದರೆ, 2023ರಲ್ಲಿ ಆ ಸಂಖ್ಯೆ 80 ಲಕ್ಷಕ್ಕೂ ಕಡಿಮೆ. ಕ್ಯಾಮೆರಾ ಕೊಳ್ಳುವವರು ಇಳಿದಂತೆ ಜಾಹೀರಾತು ಇಳಿಯಿತು, ಜಾಹೀರಾತಿನಿಂದ ನಡೆಯುತ್ತಿದ್ದ ವೇದಿಕೆಗಳು ಸೊರಗಿದವು. ಅತ್ತ ಜನರು ಸಾಮಾಜಿಕ ಜಾಲತಾಣಗಳತ್ತ ಹೊರಳಿದರು. 1998ರಲ್ಲಿ ಆರಂಭವಾಗಿ 2007ರಲ್ಲಿ ಅಮೆಜಾನ್ ಸಂಸ್ಥೆಯ ವಶಕ್ಕೆ ಹೋಗಿದ್ದ ‘ಡಿಪಿ ರಿವ್ಯೂ’ ಎಂಬ ಜಗತ್ಪ್ರಸಿದ್ಧ ತಾಣವನ್ನು ಮುಚ್ಚಲಾಗುವುದೆಂದು 2023ರ ಮಾರ್ಚ್ 21ರಂದು ಪ್ರಕಟವಾಯಿತು. ಕೊಟ್ಟ ಗಡುವು ಏಪ್ರಿಲ್ 10, ಅಂದರೆ ಮೂರು ವಾರಗಳಿಗೂ ಕಡಿಮೆ. ಇಪ್ಪತ್ತೈದು ವರುಷಗಳ ಬರಹಗಳನ್ನು ಉಳಿಸಿಕೊಳ್ಳಲು ಜನರು ಹಗಲಿರುಳು ಹೆಣಗಿದರು. ಕೊನೆಗೆ ಆ ಜೂನ್ ತಿಂಗಳಲ್ಲಿ ಬೇರೊಂದು ಸಂಸ್ಥೆ ಅದನ್ನು ಕೊಂಡುದರಿಂದ ಅದು ಉಳಿಯಿತು. ಎಲ್ಲಕ್ಕೂ ಈ ಭಾಗ್ಯವಿರಲಿಲ್ಲ. 2014ರಲ್ಲಿ ಆರ್ಕುಟ್, 2020ರಲ್ಲಿ ಯಾಹೂ ಗುಂಪುಗಳು, ಹೀಗೆ ಒಂದೊಂದಾಗಿ ದೀಪಗಳು ಆರಿದವು.

ಪ್ರಿಯ ಓದುಗರೇ, ಇಲ್ಲಿ ನಿಮಗೊಂದು ಪ್ರಶ್ನೆ ಏಳಬಹುದು. ಚಿತ್ರ ತೋರಿಸಲು ಇಂದು ಜಾಗಕ್ಕೇನು ಕೊರತೆ? ಮೊಬೈಲಿನಲ್ಲಿ ಒಂದು ಚಿತ್ರ ಹಾಕಿದರೆ ಕ್ಷಣದಲ್ಲಿ ನೂರು ಜನ ಹೆಬ್ಬೆರಳೆತ್ತುತ್ತಾರಲ್ಲ? ನಿಜ. ಆದರೆ ಹೆಬ್ಬೆರಳೆತ್ತುವುದು ಬೇರೆ, ತಿದ್ದುವುದು ಬೇರೆ. ಮೆಚ್ಚುಗೆಗೆ ಒಂದು ಕ್ಷಣ ಸಾಕು. ತಿದ್ದುವವನು ನಿಂತು ನೋಡಬೇಕು, ಯೋಚಿಸಬೇಕು, ಇನ್ನೊಬ್ಬನ ಮನ ನೋಯದಂತೆ ಮಾತನ್ನು ಆಯ್ದುಕೊಳ್ಳಬೇಕು. ಸಹೋದರನನ್ನು ತಿದ್ದುವುದು ಪ್ರೀತಿಯ ಕಾರ್ಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಅವರ ಮನಸ್ಸಿನಲ್ಲಿದ್ದದ್ದು ಪಾಪದ ತಿದ್ದುಪಡಿಯೇ ಹೊರತು ಚಿತ್ರದ ತಿದ್ದುಪಡಿಯಲ್ಲ ಎಂಬುದು ನನಗೆ ಗೊತ್ತು. ಆದರೂ ಎರಡರ ಬೇರು ಒಂದೇ: ನಿನ್ನ ಒಳಿತು ನನಗೂ ಬೇಕು ಎಂಬ ಭಾವ. ಸಂತ ಆಗಸ್ಟೀನರು ತಮ್ಮ ‘ನಿವೇದನೆಗಳು’ ಗ್ರಂಥದ ನಾಲ್ಕನೆಯ ಭಾಗದಲ್ಲಿ ಪ್ರಾಣಸ್ನೇಹಿತನ ಸಾವಿನ ದುಃಖವನ್ನು ಹೇಳಿಕೊಳ್ಳುತ್ತಾ, ಗೆಳೆತನದ ಸುಖ ಯಾವುದೆಂದು ಎಣಿಸುತ್ತಾರೆ. ಒಟ್ಟಿಗೆ ನಗುವುದು, ಒಟ್ಟಿಗೆ ಓದುವುದು, ದ್ವೇಷವಿಲ್ಲದೆ ಭಿನ್ನಾಭಿಪ್ರಾಯ ತೋರುವುದು, ಒಬ್ಬರಿಗೊಬ್ಬರು ಕಲಿಸುವುದು, ಒಬ್ಬರಿಂದೊಬ್ಬರು ಕಲಿಯುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಮೇಷ್ಟ್ರು ಕಳೆದುಕೊಂಡದ್ದು ಇದನ್ನೇ. ಅದನ್ನು ಬರಿಯ ಹವ್ಯಾಸವೆಂದು ನಕ್ಕವನು ಗೆಳೆತನವೇನೆಂದು ಅರಿಯದವನು.

ಹೀಗೆಂದು ಆ ವೇದಿಕೆಗಳನ್ನು ಸ್ವರ್ಗವೆಂದು ಬಣ್ಣಿಸುವುದೂ ಸರಿಯಲ್ಲ. ನನ್ನ ಕಂಪನಿಯ ಕ್ಯಾಮೆರಾ ದೊಡ್ಡದು, ನಿನ್ನದು ಚಿಕ್ಕದು ಎಂಬ ಜಗಳ ಅಲ್ಲಿ ಧಾರಾಳವಾಗಿತ್ತೆಂದು ಮೇಷ್ಟ್ರೇ ಒಪ್ಪುತ್ತಾರೆ. ಹೊಸಬರನ್ನು ಹಂಗಿಸುವ ಹಿರಿಯರೂ ಇದ್ದರು. ಅಲ್ಲದೆ, ಈ ಲೋಕದಲ್ಲಿ ಮನುಷ್ಯ ಕಟ್ಟಿದ ಯಾವುದು ತಾನೆ ಶಾಶ್ವತ? ನಮ್ಮ ಹಾಸನ ಜಿಲ್ಲೆಯ ಕ್ರೈಸ್ತರಿಗೆ ಈ ಪಾಠವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ ನಮ್ಮ ಕಣ್ಣೆದುರಿಗೇ ಇದೆ. 19ನೆಯ ಶತಮಾನದಲ್ಲಿ ಫ್ರೆಂಚ್ ಧರ್ಮಪ್ರಚಾರಕರು ಕಟ್ಟಿಸಿದ ಆ ಭವ್ಯ ಮಂದಿರ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮೈ ತೋರುವ ಆ ಕಮಾನುಗಳ ಚಿತ್ರ ತೆಗೆಯಲು ಇಂದು ಎಲ್ಲೆಲ್ಲಿಂದಲೋ ಛಾಯಾಗ್ರಾಹಕರು ಬರುತ್ತಾರೆ. ಅವರಿಗೆ ಅದು ಸುಂದರವಾದ ಪಾಳುಗೋಡೆ. ಅಲ್ಲಿ ಜ್ಞಾನಸ್ನಾನ ಪಡೆದವರಿಗೆ, ಅಲ್ಲಿ ತಾಳಿ ಕಟ್ಟಿದವರಿಗೆ ಅದು ಹಾಗಲ್ಲ.

ಆದರೆ ಶೆಟ್ಟಿಹಳ್ಳಿಯೇ ಇನ್ನೊಂದು ಮಾತನ್ನೂ ಹೇಳುತ್ತದೆ. ನೀರು ಕಟ್ಟಡವನ್ನು ತೆಗೆದುಕೊಂಡಿತು, ವಿಶ್ವಾಸವನ್ನಲ್ಲ. ಊರು ಬಿಟ್ಟವರು ಹೋದಲ್ಲಿಗೆ ಜಪಸರವನ್ನು ಕೊಂಡೊಯ್ದರು. ಸ್ಥಳ ಬೇರೆ, ಸಹಭಾಗಿತ್ವ ಬೇರೆ. ಸ್ಥಳ ಹೋದ ಮೇಲೂ ಸಹಭಾಗಿತ್ವ ಬದುಕಬಲ್ಲದು; ಆದರೆ ಜನರಿಗೆ ಪರಸ್ಪರ ಗುರುತಿದ್ದರೆ ಮಾತ್ರ, ತಮ್ಮದನ್ನು ಹೊತ್ತೊಯ್ಯಲು ಅವಕಾಶವಿದ್ದರೆ ಮಾತ್ರ. ಮೇಷ್ಟ್ರ ಗೆಳೆಯರಿಗೆ ಇದ್ದದ್ದು ಬರಿಯ ಅಡ್ಡಹೆಸರುಗಳು. ಬಾಗಿಲು ಮುಚ್ಚಿದ ದಿನ ಅವರು ಜಗತ್ತಿನ ಮೂಲೆಮೂಲೆಗೆ ಚದುರಿಹೋದರು. ಮತ್ತೆ ಹುಡುಕಲು ವಿಳಾಸವಿಲ್ಲ.

ಆದ್ದರಿಂದ ನಾವು ಕೇಳಬೇಕಾದ ನೈತಿಕ ಪ್ರಶ್ನೆ, ‘ಮುಚ್ಚಬಹುದೇ?’ ಎಂಬುದಲ್ಲ, ‘ಹೇಗೆ ಮುಚ್ಚಬೇಕು?’ ಎಂಬುದು. ಮನೆ ನನ್ನದು, ಬಾಗಿಲು ಹಾಕುವ ಹಕ್ಕು ನನ್ನದು ಎಂದು ಒಡೆಯನು ಹೇಳಬಹುದು. ಕಾನೂನು ಅವನ ಪರವಾಗಿಯೇ ಇರುತ್ತದೆ. ಆದರೆ ಆ ಮನೆಯನ್ನು ತುಂಬಿದ್ದು ಒಡೆಯನ ಹಣವೊಂದೇ ಅಲ್ಲ. ಸಾವಿರಾರು ಜನರು ಪ್ರತಿಫಲ ಬಯಸದೆ ಕೊಟ್ಟ ವೇಳೆ, ಅನುಭವ, ತಾಳ್ಮೆ. ಖಾಸಗಿ ಆಸ್ತಿಯ ಮೇಲೆ ಸಮಾಜದ ಋಣದ ಅಡವು ಇದೆಯೆಂದು ಸಂತ ಎರಡನೆಯ ಜಾನ್ ಪಾಲರು 1987ರ ತಮ್ಮ ವಿಶ್ವಪತ್ರದಲ್ಲಿ ನೆನಪಿಸಿದ್ದಾರೆ. ಹೊಲಕ್ಕೆ, ಕಾರ್ಖಾನೆಗೆ ಅನ್ವಯಿಸುವ ಈ ಮಾತು ಜ್ಞಾನದ ಕಣಜಕ್ಕೆ ಅನ್ವಯಿಸುವುದಿಲ್ಲವೇ? ಜನರು ತುಂಬಿದ ಕಣಜದ ಬೀಗದ ಕೈ ಒಬ್ಬನ ಸೊಂಟದಲ್ಲಿದ್ದರೆ, ಅವನು ಒಡೆಯನಿಗಿಂತ ಹೆಚ್ಚಾಗಿ ಪಾರುಪತ್ಯಗಾರ.

ದೂರದ ಸಂಸ್ಥೆಗಳತ್ತ ಬೆರಳು ತೋರಿಸುವುದು ಸುಲಭ. ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಗುರುದೀಕ್ಷೆಯ ಬಳಿಕದ ಆರಂಭದ ವರುಷಗಳಲ್ಲಿ ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಹಳೆಯದೊಂದು ಯುವಕ ಸಂಘವಿತ್ತು. ಒಂದು ಕಾಲದಲ್ಲಿ ಅದು ಕೈಬರಹದ ಪತ್ರಿಕೆ ನಡೆಸುತ್ತಿತ್ತು, ನಾಟಕ ಆಡಿಸುತ್ತಿತ್ತು. ನಾನು ಹೋಗುವ ಹೊತ್ತಿಗೆ ಉಳಿದವರು ನಾಲ್ವರು. ಧರ್ಮೋಪದೇಶದ ತರಗತಿಗೆ ಕೋಣೆ ಬೇಕಾಗಿತ್ತು. ಒಂದು ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಒಂದೇ ವಾಕ್ಯದ ಪ್ರಕಟಣೆ ಮಾಡಿ ಸಂಘವನ್ನು ಮುಚ್ಚಿದೆ. ಬೀರುವಿನಲ್ಲಿದ್ದ ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕಿಸಿದೆ. ಕೆಲವು ತಿಂಗಳ ಬಳಿಕ ಮಹಿಳೆಯೊಬ್ಬರು ಬಂದು, ತೀರಿಹೋದ ತಮ್ಮ ತಂದೆ ಆ ಕೈಬರಹದ ಪತ್ರಿಕೆಯಲ್ಲಿ ಬರೆಯುತ್ತಿದ್ದರು, ಅವರ ಅಕ್ಷರವನ್ನು ಮಕ್ಕಳಿಗೆ ತೋರಿಸಬೇಕು, ಒಂದು ಪ್ರತಿ ಸಿಗಬಹುದೇ ಫಾದರ್ ಎಂದು ಕೇಳಿದರು. ನಾನು ಏನು ಹೇಳಲಿ? ಕೋಣೆಯನ್ನು ಮಕ್ಕಳಿಗೆ ಕೊಟ್ಟದ್ದು ತಪ್ಪೆಂದು ಇಂದಿಗೂ ನನಗನಿಸುವುದಿಲ್ಲ. ಯಾರನ್ನೂ ಕೇಳದೆ ಕೊಟ್ಟದ್ದು ತಪ್ಪು. ಬೀಗದ ಕೈ ನನ್ನ ಬಳಿಯಿತ್ತು, ಕಣಜ ನನ್ನದಾಗಿರಲಿಲ್ಲ.

ಐದು ಸಾವಿರ ಜನರಿಗೆ ಉಣಬಡಿಸಿದ ಬಳಿಕ ಪ್ರಭು ಯೇಸು ಮಾಡಿದ್ದೇನು? ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಊಟ ಮುಗಿದಿತ್ತು, ಜನರು ತೃಪ್ತರಾಗಿದ್ದರು, ಆ ಬಯಲಿನಲ್ಲಿ ಮತ್ತೆ ಅಂತಹ ಪಂಕ್ತಿ ನಡೆಯುವುದೂ ಇರಲಿಲ್ಲ. ಆದರೂ ಉಳಿದ ತುಂಡುಗಳು ಹಾಳಾಗದಂತೆ ಕೂಡಿಸಲು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿಗಳು ತುಂಬಿದವು. ಐದು ರೊಟ್ಟಿಗಳಿಂದ ಸಾವಿರಾರು ಜನರನ್ನು ತಣಿಸಬಲ್ಲವನಿಗೆ ತುಂಡುಗಳ ಹಂಗೇನಿತ್ತು? ಆದರೂ ಅವು ಎಣಿಕೆಗೆ ಬಂದವು. ಒಂದು ಪಂಕ್ತಿ ಎದ್ದಾಗ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠವನ್ನು ನಾನು ಕಾಣೆ. ಸಾಕಷ್ಟು ಮುಂಚಿತವಾಗಿ ತಿಳಿಸಬೇಕು. ಅವರವರದನ್ನು ಅವರವರಿಗೆ ಒಪ್ಪಿಸಬೇಕು. ಕೊಟ್ಟವರಿಗೆ ಹೆಸರು ಹಿಡಿದು ಕೃತಜ್ಞತೆ ಹೇಳಬೇಕು. ಇಷ್ಟು ಮಾಡಿದರೆ ಮುಚ್ಚುವುದು ಒಂದು ಗೌರವಯುತ ಶವಸಂಸ್ಕಾರವಾಗುತ್ತದೆ. ಮಾಡದಿದ್ದರೆ ಅದು ತಿಪ್ಪೆಗೆ ಎಸೆದಂತೆ.

ಕಳೆದುಕೊಂಡವರಿಗೂ ಒಂದು ಪ್ರಶ್ನೆಯಿದೆ. “ಕೊನೆಯ ಎರಡು ವರುಷ ನೀವು ಅಲ್ಲಿ ಎಷ್ಟು ಜನರಿಗೆ ಉತ್ತರ ಬರೆದಿರಿ?” ಎಂದು ಮೇಷ್ಟ್ರನ್ನು ಕೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಓದುತ್ತಿದ್ದೆ ಫಾದರ್, ಬರೆಯುವುದನ್ನು ಬಿಟ್ಟಿದ್ದೆ” ಎಂದರು. ಎಲ್ಲರೂ ಉಣ್ಣುವವರಾಗಿ, ಬಡಿಸುವವರು ಇಲ್ಲದಾದಾಗ ಯಾವ ಪಂಕ್ತಿಯೂ ನಿಲ್ಲುವುದಿಲ್ಲ. ನಮ್ಮ ಗಾನವೃಂದಗಳು, ಸಂತ ವಿನ್ಸೆಂಟ್ ದೆ ಪೌಲ್ ಸಭೆಗಳು, ವಾಳೆಯ ಜಪಕೂಟಗಳು ಸೊರಗುತ್ತಿರುವಲ್ಲಿ ಕಾರಣ ಇದಕ್ಕಿಂತ ಬೇರೆಯೇ? ಮುಚ್ಚಿದ ದಿನ ಕಣ್ಣೀರಿಡುವ ನಾವು, ತೆರೆದಿದ್ದ ದಿನಗಳಲ್ಲಿ ಹೋಗಿದ್ದೆವೆಯೇ? 2019ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶಕ್ಕೆ ಪೋಪ್ ಫ್ರಾನ್ಸಿಸರು ಆರಿಸಿಕೊಂಡ ವಿಷಯ, ಜಾಲತಾಣದ ಗುಂಪುಗಳಿಂದ ಮಾನವ ಸಮುದಾಯದೆಡೆಗೆ ಸಾಗುವುದು. ಸಂತ ಪೌಲರು ಎಫೆಸದವರಿಗೆ ಬರೆದಂತೆ ನಾವು ಒಬ್ಬರಿಗೊಬ್ಬರು ಅಂಗಗಳಾದರೆ, ಸುಮ್ಮನೆ ನೋಡುತ್ತಾ ಕೂರುವ ಅಂಗ ಮೊದಲು ಮರಗಟ್ಟುತ್ತದೆ.

ಕಳೆದ ನವೆಂಬರ್ ತಿಂಗಳಲ್ಲಿ ಮೇಷ್ಟ್ರು ಒಂದು ಬಲಿಪೂಜೆಯ ಕೋರಿಕೆಯನ್ನು ಕೊಡಲು ಬಂದರು. ನಾನು ಪುಸ್ತಕ ತೆರೆದು ಹೆಸರು ಕೇಳಿದೆ.

“ಹೆಸರು ಗೊತ್ತಿಲ್ಲ ಫಾದರ್. ಬಿಸಿಲು ಓರೆಯಾಗುವವರೆಗೆ ಕಾಯಬೇಕು ಎಂದು ನನಗೆ ಹೇಳಿಕೊಟ್ಟವರು.”

“ಕೃತಜ್ಞತಾ ಪೂಜೆಯೋ, ಮೃತರ ಆತ್ಮಕ್ಕೋ?”

“ಅದೂ ಗೊತ್ತಿಲ್ಲ. ಆಗಲೇ ವಯಸ್ಸಾದವರು ಅನ್ನಿಸುತ್ತಿತ್ತು.”

ಹೆಸರಿನ ಜಾಗದಲ್ಲಿ ಏನು ಬರೆಯುವುದೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಕೊನೆಗೆ ‘ಕಲಿಸಿದ ಒಬ್ಬರಿಗಾಗಿ’ ಎಂದು ಬರೆದೆ. ಆ ದಿನ ಪೂಜಾಪೀಠದ ಮುಂದೆ ನಿಂತಾಗ, ನನ್ನಿಂದ ತೂಕಕ್ಕೆ ಹೋದ ಪುಸ್ತಕಗಳಲ್ಲಿ ಬರೆದಿದ್ದವರನ್ನೂ ಸೇರಿಸಿಕೊಂಡೆ. ಅವರ ಹೆಸರುಗಳೂ ನನಗೆ ಗೊತ್ತಿಲ್ಲ. ದೇವರ ಬುಟ್ಟಿಯಲ್ಲಿ ಅವು ಇರುತ್ತವೆಂದು ನಂಬಿದ್ದೇನೆ.