ಅಲ್ಪಾಯುವಿನ ನಾಣ್ಯ

ಪ್ರಾಚೀನ ರೋಮಿನ ನಾಣ್ಯಗಳನ್ನು ಸಂಗ್ರಹಿಸುವವರಿಗೆ ಡಯಡುಮೆನಿಯನ್ ಎಂಬ ಬಾಲಕನ ಬೆಳ್ಳಿಯ ನಾಣ್ಯವು ಬಲು ಪ್ರಿಯವಾದುದು. ಚಕ್ರವರ್ತಿ ಮ್ಯಾಕ್ರಿನಸನ ಮಗನಾದ ಇವನು ಕ್ರಿ. ಶ. 217ರಲ್ಲಿ, ಇನ್ನೂ ಹತ್ತು ವರ್ಷ ತುಂಬುವ ಮೊದಲೇ, 'ಸೀಸರ್' ಪದವಿಯನ್ನು ಪಡೆದು ಯುವರಾಜನಾದನು. ನಾಣ್ಯದ ಹಿಂಬದಿಯಲ್ಲಿ ಸೇನಾಧ್ವಜಗಳ ಬಳಿ ನಿಂತ ಅವನ ಆಕೃತಿಯೂ 'ಯುವಜನರ ನಾಯಕ' ಎಂಬ ಬಿರುದೂ ಉಂಟು. ಮರುವರ್ಷವೇ ತಂದೆಯು ಆಂಟಿಯೋಕ್ ನಗರದ ಬಳಿ ಯುದ್ಧದಲ್ಲಿ ಸೋತನು. ಪಾರ್ಥಿಯದ ಆಶ್ರಯಕ್ಕೆಂದು ಕಳುಹಿಸಲ್ಪಟ್ಟ ಮಗನು ಯೂಫ್ರೆಟಿಸ್ ತೀರದ ಜ್ಯೂಗ್ಮಾದಲ್ಲಿ ಸೆರೆಸಿಕ್ಕಿ ಹತನಾದನು. ಅವನ ಹೆಸರನ್ನು ಶಾಸನಗಳಿಂದಲೂ ಅಳಿಸಿದರು.

ಪದವಿಯ ಕಾಲವು ಅಲ್ಪವಾದುದರಿಂದ ನಾಣ್ಯಗಳು ವಿರಳ. ವಿರಳವಾದುದರಿಂದ ಬೆಲೆ ಅಧಿಕ. ಹಾಗಾದರೆ ಸಂಗ್ರಾಹಕನು ಬೆಲೆ ತೆರುವುದು ಬೆಳ್ಳಿಗೋ, ಬಾಲಕನ ಅಕಾಲಮರಣಕ್ಕೋ? ಮುಪ್ಪಿನವರೆಗೆ ಅವನು ಬಾಳಿ ಆಳಿದ್ದರೆ ಅದೇ ನಾಣ್ಯವು ಅಗ್ಗವಾಗುತ್ತಿತ್ತು. ಪರರ ದುಃಖದಿಂದ ಹುಟ್ಟಿದ ವಿರಳತೆಯಲ್ಲಿ ಸುಖಿಸುವುದು ಧರ್ಮವೆ?

ಕೊಲೆಯಲ್ಲಿ ಸಂಗ್ರಾಹಕನಿಗೆ ಪಾಲಿಲ್ಲವೆಂಬುದು ನಿಜ. ಆದರೆ ವಿರಳತೆಯನ್ನು ಮಾತ್ರ ಎಣಿಸಿ ನಾಣ್ಯವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವವನು ಲೋಭಿಯೇ ಸರಿ. ಅದರ ಮುಖವನ್ನು ನೋಡಿ, 'ಇದೊಂದು ಮಗು' ಎಂದು ಕ್ಷಣಕಾಲ ಮರುಗುವವನಾದರೋ, ಲೋಕವು ಅಳಿಸಿದ ಹೆಸರನ್ನು ಮರಳಿ ಉಚ್ಚರಿಸಿದವನಾಗುತ್ತಾನೆ. ಒಡೆತನವು ಇಬ್ಬರದೂ ಒಂದೇ. ಒಬ್ಬನಲ್ಲಿ ಅದು ಲೋಭ, ಇನ್ನೊಬ್ಬನಲ್ಲಿ ತರ್ಪಣ.